ಎರಡು ಬಿಲ್ಲೆಗಳ ನಡುವಿನ ಕಾಫಿ

ಗ್ರೈಂಡರ್ ಎಂದ ಕೂಡಲೇ ಕನ್ನಡದ ಮನೆಗಳಲ್ಲಿ ನೆನಪಾಗುವುದು ದೋಸೆ ಹಿಟ್ಟು. ಬೆಣ್ಣೆದೋಸೆಯ ಊರಾದ ದಾವಣಗೆರೆಯಲ್ಲಂತೂ ಆ ಪದಕ್ಕೆ ಬೇರೆ ಅರ್ಥವಿದೆಯೆಂದು ಹೇಳಿದರೆ ನಂಬುವವರು ಕಡಿಮೆ. ಆದರೆ ಇತ್ತೀಚಿನ ವರ್ಷಗಳಲ್ಲಿ ನಗರಗಳ ಅಡುಗೆಮನೆಗಳಿಗೆ ಇನ್ನೊಂದು ಬಗೆಯ ಗ್ರೈಂಡರ್ ಬರತೊಡಗಿದೆ. ಇದು ಅಕ್ಕಿ, ಉದ್ದನ್ನು ಮುಟ್ಟುವುದಿಲ್ಲ. ಹುರಿದ ಕಾಫಿ ಬೀಜವನ್ನು ಮಾತ್ರ ಬೀಸುತ್ತದೆ, ಅದೂ ಒಂದು ಸಲಕ್ಕೆ ಹದಿನೆಂಟು ಗ್ರಾಂ ಮಾತ್ರ. ಸರಸ್ವತಿ ನಗರದಂಥ ಬಡಾವಣೆಯ ಮನೆಯೊಂದು ಅದನ್ನು ಕೂತಲ್ಲಿಂದಲೇ ತರಿಸಿಕೊಳ್ಳುವುದು ಈಗ ಕಷ್ಟವೇನಲ್ಲ. ಕೊಂಡವರು ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಯಂತ್ರದೊಳಗಿರುವ ಉಕ್ಕಿನ ಎರಡು ಹಲ್ಲುಬಿಲ್ಲೆಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ಕೊರಿಯಾದಿಂದಲೋ ಇಟಲಿಯಿಂದಲೋ ತರಿಸಿದ ಇನ್ನೂ ಉತ್ತಮ ಬಿಲ್ಲೆಗಳನ್ನು ಕೂರಿಸುತ್ತಾರೆ. ಈ ಬಿಲ್ಲೆಗಳಿಗೆ ಇಂಗ್ಲಿಷಿನಲ್ಲಿ ‘ಬರ್’ ಎಂದು ಹೆಸರು.

ಒಂದು ಲೋಟ ಕಾಫಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಉಳ್ಳವರ ಹೊಸ ಹುಚ್ಚು ಎಂದು ಇದನ್ನು ಬದಿಗೆ ಸರಿಸಬಹುದು. ಆದರೆ ಕಾಫಿಯನ್ನು ಬೀಸುವ ಕೆಲಸ ಯಾರ ಕೈಯಲ್ಲಿತ್ತು, ಅಲ್ಲಿಂದ ಯಾರ ಕೈಗೆ ಹೋಯಿತು, ಈಗ ಹೇಗೆ ಮರಳುತ್ತಿದೆ ಎಂಬುದನ್ನು ಹಿಂಬಾಲಿಸಿ ಹೋದರೆ ಕರ್ನಾಟಕದ ಕಾಫಿಯ ಚರಿತ್ರೆಯ ಒಂದು ಮುಖ್ಯ ಎಳೆ ಸಿಗುತ್ತದೆ. ಆ ಎಳೆ ಬಾಬಾಬುಡನ್‌ಗಿರಿಯಿಂದ ಹೊರಟು, ಕುತೂಹಲದ ಸಂಗತಿಯೆಂದರೆ, ದಾವಣಗೆರೆಯ ಪಕ್ಕದ ಹರಿಹರವನ್ನೂ ಹಾದು ಹೋಗುತ್ತದೆ.

ಬೀಸುಕಲ್ಲಿನ ಪಾಠ

ಹೊಸ ಗ್ರೈಂಡರಿನ ತತ್ವ ಹೊಸತಲ್ಲ. ಅದು ಬೀಸುಕಲ್ಲಿನ ತತ್ವವೇ. ದುಂಡನೆಯ ಎರಡು ಕಲ್ಲುಗಳು. ಕೆಳಗಿನದು ಸ್ಥಿರ, ಮೇಲಿನದು ನಡುಗೂಟದ ಸುತ್ತ ತಿರುಗುವಂಥದು. ಮೇಲ್ಗಲ್ಲಿನ ನಡುವಿನ ಬಾಯಿಗೆ ಹಿಡಿ ಹಿಡಿಯಾಗಿ ಹಾಕಿದ ಕಾಳು ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿ, ಒಳಗಿನಿಂದ ಅಂಚಿನ ಕಡೆಗೆ ಸರಿಯುತ್ತ ಸರಿಯುತ್ತ ಸಣ್ಣದಾಗುತ್ತದೆ. ಜೋಳದ ಹಿಟ್ಟು ಬೇಕಾದಾಗ ಕಲ್ಲುಗಳು ಒತ್ತಾಗಿರಬೇಕು. ನುಚ್ಚು ಬೇಕಾದಾಗ, ಬೇಳೆ ಒಡೆಯಬೇಕಾದಾಗ ಮೇಲ್ಗಲ್ಲು ತುಸು ಎತ್ತರದಲ್ಲಿರಬೇಕು. ಬೀಸಿ ಬೀಸಿ ಕಲ್ಲು ನುಣುಪಾದರೆ ಉಳಿ ಸುತ್ತಿಗೆ ಹಿಡಿದು ಬರುವವರಿಂದ ಅದನ್ನು ಮತ್ತೆ ಒರಟು ಮಾಡಿಸಬೇಕು. ಕಲ್ಲು ಓರೆಯಾಗಿ ಕೂತರೆ ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ತರಿತರಿ.

ಈ ನಾಲ್ಕೇ ಸಂಗತಿಗಳು, ಅಂದರೆ ಅಂತರ, ಹಲ್ಲಿನ ಹರಿತ, ಓರೆಯಿಲ್ಲದ ಕೂರುವಿಕೆ ಮತ್ತು ಕಾಳು ಹಾಕುವ ಹದ, ಇಂದಿನ ದುಬಾರಿ ಕಾಫಿ ಯಂತ್ರದಲ್ಲೂ ಇರುವ ಒಟ್ಟು ವಿದ್ಯೆ. ಬೆಳಗಿನ ಜಾವ ಬೀಸುತ್ತ ಕೂರುತ್ತಿದ್ದ ಹೆಂಗಸರಿಗೆ ಇದು ಅಂಗೈಯಲ್ಲೇ ತಿಳಿದಿತ್ತು. ಹಿಟ್ಟಿನ ಗಿರಣಿ ಬಂದ ಮೇಲೆ ಆ ತಿಳಿವಳಿಕೆ ಗಿರಣಿಯವನಿಗೆ ವರ್ಗವಾಯಿತು. ರಟ್ಟೆಯ ದುಡಿಮೆ ತಪ್ಪಿದ್ದು ದೊಡ್ಡ ಬಿಡುಗಡೆಯೇ. ಅದರ ಜೊತೆಗೆ ಹದದ ಮೇಲಿನ ಹಿಡಿತವೂ ಮನೆಯಿಂದ ಹೊರಗೆ ಹೋಯಿತು.

ಮಿಕ್ಸಿ ಬಂದಾಗ ಈ ಹಿಡಿತ ಮರಳಿತೆಂದು ಅನ್ನಿಸಿದ್ದುಂಟು. ಆದರೆ ಮಿಕ್ಸಿ ಬೀಸುವ ಯಂತ್ರವಲ್ಲ. ಅದರ ಅಲಗು ಸಿಕ್ಕ ಕಾಳನ್ನು ಸಿಕ್ಕಷ್ಟು ಸಲ ಹೊಡೆದು ಚೂರು ಮಾಡುತ್ತದೆ. ಕೆಲವು ಚೂರು ಧೂಳಾಗುತ್ತವೆ, ಕೆಲವು ಅರೆಕಾಳಾಗಿ ಉಳಿಯುತ್ತವೆ. ಸಾಂಬಾರು ಪುಡಿಗೆ ಇದರಿಂದ ನಷ್ಟವಿಲ್ಲ, ಕಾಫಿಗೆ ಇದೆ. ಧೂಳು ಬೇಗ ಕರಗಿ ಕಹಿ ಬಿಡುತ್ತದೆ, ದಪ್ಪ ಚೂರು ತನ್ನ ಸಾರವನ್ನು ಕೊಡದೆ ಹುಳಿಯಾಗಿ ನಿಲ್ಲುತ್ತದೆ. ಎರಡೂ ಒಂದೇ ಲೋಟದಲ್ಲಿ ಸೇರುತ್ತವೆ. ಎರಡು ಹಲ್ಲುಬಿಲ್ಲೆಗಳ ನಡುವೆ ಬೀಸಿದಾಗ ಮಾತ್ರ, ನಿಗದಿಯಾದ ಸಂದಿಯನ್ನು ದಾಟುವಷ್ಟು ಸಣ್ಣದಾಗುವ ತನಕ ಕಾಳು ಹೊರಗೆ ಬರಲಾರದು.

ಮೋಖಾದಿಂದ ಬಾಬಾಬುಡನ್‌ಗಿರಿಗೆ

ಸೂಫಿ ಸಂತ ಬಾಬಾಬುಡನ್ ಹದಿನೇಳನೆಯ ಶತಮಾನದಲ್ಲಿ ಯೆಮನ್ ದೇಶದ ಮೋಖಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ಎಲ್ಲರಿಗೂ ಗೊತ್ತಿರುವುದೇ. ಅಂದಾಜು 1670ರ ಸುಮಾರಿನ ಮಾತು ಅದು. ಆದರೆ ಬೀಜದ ಕಥೆಯನ್ನು ಹೇಳುವಷ್ಟು ಉತ್ಸಾಹದಿಂದ ಅದನ್ನು ಪುಡಿ ಮಾಡಿದ ಉಪಕರಣದ ಕಥೆಯನ್ನು ಯಾರೂ ಹೇಳುವುದಿಲ್ಲ.

ಅರಬರ ನಾಡಿನಲ್ಲಿ ಹುರಿದ ಕಾಫಿಯನ್ನು ಒರಳಿನಲ್ಲಿ ಕುಟ್ಟುವುದು ವಾಡಿಕೆ. ಒನಕೆಯ ತಾಳಬದ್ಧ ಸದ್ದು ಅತಿಥಿಗಳಿಗೆ ಆಹ್ವಾನವೂ ಹೌದು. ತುರ್ಕಿ ಮತ್ತು ಸಿರಿಯಾ ಕಡೆ ಕೈಯಲ್ಲಿ ಹಿಡಿದು ತಿರುಗಿಸುವ ಹಿತ್ತಾಳೆಯ ನಳಿಕೆಯಂಥ ಬೀಸುಯಂತ್ರಗಳು ಬಳಕೆಗೆ ಬಂದವು. ಅಮೆರಿಕದಲ್ಲಿ 1798ರಲ್ಲಿ ಥಾಮಸ್ ಬ್ರಫ್ ಎಂಬಾತ ಗೋಡೆಗೆ ತಗುಲಿಸುವ ಕಾಫಿ ಬೀಸುಯಂತ್ರಕ್ಕೆ ಪೇಟೆಂಟ್ ಪಡೆದ. ಇಂದು ಕಾರುಗಳಿಗೆ ಹೆಸರಾದ ಫ್ರಾನ್ಸಿನ ಪೂಜೊ ಮನೆತನದವರು 1840ರಲ್ಲೇ ಕಾಫಿ ಬೀಸುಯಂತ್ರ ಮಾಡಿ ಮಾರತೊಡಗಿದ್ದರು. ಗರಗಸದ ಅಲಗು ಮಾಡುತ್ತಿದ್ದ ಉಕ್ಕಿನ ಕೆಲಸಗಾರರು ಅವರು. ಹಲ್ಲುಗಳಿಗೆ ಹದ ಕೊಡುವುದು ಅವರಿಗೆ ಮೊದಲೇ ತಿಳಿದಿತ್ತು. ಒಳ್ಳೆಯ ಕಾಫಿ ಬೀಸುಯಂತ್ರ ಅಡುಗೆಯವರಿಗಿಂತ ಮೊದಲು ಲೋಹದ ಕೆಲಸದವರ ಸೃಷ್ಟಿ ಎಂಬುದನ್ನು ಇಲ್ಲಿ ಗಮನಿಸಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಚಿಕ್ಕಮಗಳೂರು, ಕೊಡಗು, ಮಂಜರಾಬಾದ್ ಸೀಮೆಗಳಲ್ಲಿ ಯುರೋಪಿಯನ್ ತೋಟಗಳು ಹಬ್ಬಿದವು. ಬೆಳೆಯ ಬಹುಪಾಲು ಹಡಗು ಹತ್ತಿ ಹೋಯಿತು. ಮೈಸೂರು ಸೀಮೆಯ ಸಾಮಾನ್ಯ ಮನೆಗಳಿಗೆ ಕಾಫಿ ಇಳಿದದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ಆಗ ಕಾಫಿ ಕುಡಿಯುವ ಮನೆಯೆಂದರೆ ಬೀಜ ತಂದು, ಬಾಣಲೆಯಲ್ಲೋ ಕೆಂಡದ ಮೇಲೆ ತಿರುಗಿಸುವ ಉರುಳೆಯಲ್ಲೋ ಹುರಿದು, ಮೇಜಿನ ಅಂಚಿಗೆ ಸ್ಕ್ರೂ ಹಾಕಿ ಬಿಗಿದ ಕೈಯಂತ್ರದಲ್ಲಿ ಪುಡಿ ಮಾಡಿಕೊಳ್ಳುವ ಮನೆ. ಆ ಎರಕದ ಕಬ್ಬಿಣದ ಯಂತ್ರದ ಪಕ್ಕದಲ್ಲೊಂದು ತಿರುಪು ಇರುತ್ತಿತ್ತು. ಅದನ್ನು ಬಿಗಿ ಮಾಡಿದರೆ ನುಣ್ಣಗೆ, ಸಡಿಲ ಮಾಡಿದರೆ ತರಿ. ಇಂದು ‘ಗ್ರೈಂಡ್ ಸೆಟ್ಟಿಂಗ್’ ಎಂದು ಕರೆಯುವುದು ಇದನ್ನೇ.

ಮನೆಯಿಂದ ಅಂಗಡಿಗೆ

ಈ ಕೈಯಂತ್ರ ಅಟ್ಟ ಸೇರಿದ್ದು ಹೇಗೆ? ಸೋಮಾರಿತನದಿಂದ ಎಂದು ಹೇಳಿದರೆ ತಪ್ಪಾಗುತ್ತದೆ. ಕಾಫಿಯ ಮಾರುಕಟ್ಟೆಯೇ ಬದಲಾಯಿತು.

ಎರಡನೆಯ ಮಹಾಯುದ್ಧ ಆರಂಭವಾದಾಗ ಭಾರತದ ಕಾಫಿಗೆ ಯುರೋಪಿನ ಬಾಗಿಲು ಮುಚ್ಚಿತು. ಬೆಳೆಗಾರರನ್ನು ಉಳಿಸಲು 1940ರಲ್ಲಿ ಮಾರುಕಟ್ಟೆ ವಿಸ್ತರಣಾ ಮಂಡಳಿ ಸ್ಥಾಪನೆಯಾಯಿತು. 1942ರ ಕಾಫಿ ಕಾಯಿದೆಯೊಡನೆ ಅದು ಕಾಫಿ ಮಂಡಳಿಯ ರೂಪ ಪಡೆಯಿತು. ಬೆಳೆದ ಕಾಫಿಯನ್ನೆಲ್ಲ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕು, ಮನೆ ಬಳಕೆಗೂ ಬಿತ್ತನೆಗೂ ಅಲ್ಪ ಪ್ರಮಾಣ ಇಟ್ಟುಕೊಳ್ಳಬಹುದು. ಎಲ್ಲರ ಕಾಫಿ ಒಂದೆಡೆ ಸೇರಿ, ದರ್ಜೆಯಾಗಿ, ಹರಾಜಿನಲ್ಲಿ ಮಾರಾಟವಾಗುತ್ತಿತ್ತು. ಬೆಲೆ ಕುಸಿದಾಗ ಸಣ್ಣ ಬೆಳೆಗಾರನಿಗೆ ಇದು ಆಸರೆಯಾದದ್ದು ನಿಜ. ಆದರೆ ಇಂಥ ತೋಟದ ಇಂಥ ಕಾಫಿ ಎಂಬ ಗುರುತು ಪೂಲ್‌ನಲ್ಲಿ ಕರಗಿಹೋಯಿತು. ಬೆಳೆದವನಿಗೆ ತನ್ನ ಕಾಫಿಯ ರುಚಿಯ ಸುದ್ದಿ ಮುಟ್ಟುತ್ತಿರಲಿಲ್ಲ. ಕುಡಿಯುವವನಿಗೆ ಬೆಳೆದವನ ಹೆಸರು ತಿಳಿಯುತ್ತಿರಲಿಲ್ಲ.

ಇದೇ ಕಾಲದಲ್ಲಿ ಊರೂರಿನ ಪೇಟೆಬೀದಿಗಳಲ್ಲಿ ಕಾಫಿಪುಡಿ ಅಂಗಡಿಗಳು ನೆಲೆಯೂರಿದವು. ವಿದ್ಯುತ್ತಿನಿಂದ ತಿರುಗುವ ದೊಡ್ಡ ಯಂತ್ರ, ಎದುರಿಗೇ ಹುರಿದು ಬೀಸಿ ಕೊಡುವ ಪದ್ಧತಿ, ಬೀದಿ ತುಂಬ ಹರಡುವ ಪರಿಮಳ. ಫಿಲ್ಟರಿಗೆ ಬೇಕಾದ ಹದ ಅಂಗಡಿಯವನಿಗೆ ಗೊತ್ತು. ಗಿರಾಕಿ ಹೇಳಬೇಕಾದುದು ಒಂದೇ: ಚಿಕೋರಿ ಎಷ್ಟು? ಎಂಬತ್ತಕ್ಕೆ ಇಪ್ಪತ್ತೋ, ಎಪ್ಪತ್ತಕ್ಕೆ ಮೂವತ್ತೋ. ಚಿಕೋರಿ ಒಂದು ಗಿಡದ ಬೇರು. ಹುರಿದರೆ ಕಾಫಿಯ ಬಣ್ಣ, ಮಂದತನ ಕೊಡುತ್ತದೆ, ಕೆಫೀನ್ ಇರುವುದಿಲ್ಲ. ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಶೇಕಡ 51ಕ್ಕಿಂತ ಕಡಿಮೆಯಿರಬಾರದೆಂದು ಕಾನೂನಿದೆ. ಪೊಟ್ಟಣದ ಮೇಲೆ ಪ್ರಮಾಣ ನಮೂದಿಸಲೂಬೇಕು.

ಇಲ್ಲಿಯೇ ಪುಡಿಯ ತೊಂದರೆ ಕಾಣಿಸುತ್ತದೆ. ಬೀಜದಲ್ಲಿ ಮೋಸ ಮಾಡುವುದು ಕಷ್ಟ, ಪುಡಿಯಲ್ಲಿ ಸುಲಭ. ಹುಣಿಸೆ ಬೀಜವನ್ನೂ ಖರ್ಜೂರದ ಬೀಜವನ್ನೂ ಹುರಿದು ಬೆರೆಸುವ ಕಲಬೆರಕೆ ಆಹಾರ ಇಲಾಖೆಗಳಿಗೆ ಹಳೆಯ ತಲೆನೋವು. ಗಾಜಿನ ಲೋಟದಲ್ಲಿ ತಣ್ಣೀರು ತೆಗೆದುಕೊಂಡು ಮೇಲೆ ಒಂದು ಚಮಚ ಪುಡಿ ಉದುರಿಸಿದರೆ ಕಾಫಿ ತೇಲುತ್ತದೆ. ಚಿಕೋರಿ ಕಂದು ಗೆರೆಗಳನ್ನು ಬಿಡುತ್ತ ಕೆಳಗಿಳಿಯುತ್ತದೆ. ಈ ಪರೀಕ್ಷೆಯನ್ನು ಯಾವ ಮನೆಯಲ್ಲೂ ಮಾಡಿ ನೋಡಬಹುದು. ಆದರೆ ಇಡೀ ಬೀಜವನ್ನೇ ಕೊಂಡವರಿಗೆ ಅದರ ಅಗತ್ಯವೇ ಬೀಳುವುದಿಲ್ಲ.

ಪುಡಿಗೆ ಇನ್ನೊಂದು ಶತ್ರು ಗಾಳಿ. ಆರು ಮಿಲಿಮೀಟರ್ ಅಳತೆಯ ಒಂದು ಕಾಳನ್ನು 0.3 ಮಿಲಿಮೀಟರ್ ಅಳತೆಯ ಕಣಗಳಾಗಿ ಬೀಸಿದರೆ ಎಂಟು ಸಾವಿರ ಕಣಗಳಾಗುತ್ತವೆ. ಗಾಳಿಗೆ ಒಡ್ಡಿದ ಮೇಲ್ಮೈ ಇಪ್ಪತ್ತು ಪಟ್ಟು ಹೆಚ್ಚುತ್ತದೆ. ಇದು ಶಾಲೆಯ ಗಣಿತ. ಹುರಿದ ಬೀಜ ವಾರಗಟ್ಟಲೆ ಹಿಡಿದಿಟ್ಟುಕೊಳ್ಳುವ ಪರಿಮಳ ಪುಡಿಯಿಂದ ಬೇಗನೆ ಹಾರಿಹೋಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಮದುವೆ ಮನೆಯ ‘ಎಸ್ಪ್ರೆಸೊ’

ಎಸ್ಪ್ರೆಸೊ ಎಂಬ ಹೆಸರು ಕರ್ನಾಟಕಕ್ಕೆ ಹೊಸತಲ್ಲ. ಮದುವೆ ಆರತಕ್ಷತೆಗಳಲ್ಲಿ ಹೊಳೆಯುವ ಬಾಯ್ಲರಿನ ಮುಂದೆ ನಿಂತವನು ಬುಸ್ಸೆಂದು ಹಬೆ ಬಿಟ್ಟು, ಹಾಲನ್ನು ನೊರೆ ಉಕ್ಕಿಸಿ, ಮೇಲೆ ಚಾಕೊಲೇಟ್ ಪುಡಿ ಉದುರಿಸಿ ಕೊಡುತ್ತಿದ್ದ ಪೇಯಕ್ಕೆ ಅದೇ ಹೆಸರು. ಅದರಲ್ಲಿದ್ದುದು ಇನ್‌ಸ್ಟಂಟ್ ಕಾಫಿ. ಬೀಸುವ ಮಾತೇ ಇರಲಿಲ್ಲ. ಹೆಸರು ಮೊದಲು ಬಂತು, ವಸ್ತು ತಡವಾಗಿ ಬಂತು.

ನಿಜವಾದ ಎಸ್ಪ್ರೆಸೊ ಇಟಲಿಯದು. ಟುರಿನ್ ನಗರದ ಆಂಜೆಲೊ ಮೊರಿಯೊಂಡೊ 1884ರಲ್ಲಿ ಹಬೆಯ ಒತ್ತಡದಿಂದ ಬೇಗ ಕಾಫಿ ಇಳಿಸುವ ಯಂತ್ರಕ್ಕೆ ಪೇಟೆಂಟ್ ಪಡೆದ. 1901ರಲ್ಲಿ ಮಿಲಾನಿನ ಲುಯಿಜಿ ಬೆಝೆರಾ ಅದನ್ನು ಒಂದೊಂದು ಬಟ್ಟಲಿಗೂ ಬೇರೆಬೇರೆಯಾಗಿ ಇಳಿಯುವಂತೆ ಸುಧಾರಿಸಿದ. ಆದರೆ ಹಬೆಯ ಒತ್ತಡಕ್ಕೆ ಮಿತಿಯಿತ್ತು. ಮಹಾಯುದ್ಧ ಮುಗಿದ ಮೇಲೆ ಅಕಿಲ್ಲೆ ಗಾಜಿಯಾ ಸನ್ನೆಕೋಲಿನ ಯಂತ್ರವನ್ನು ಬಳಕೆಗೆ ತಂದ. ಬಿಸಿನೀರು ಗಾಳಿಯ ಒತ್ತಡದ ಎಂಟೊಂಬತ್ತು ಪಟ್ಟು ಬಲದಿಂದ ಪುಡಿಯ ಬಿಲ್ಲೆಯನ್ನು ಹಾಯತೊಡಗಿತು. ಕಾಫಿಯ ಮೇಲೆ ಹೊಂಬಣ್ಣದ ನೊರೆ ಕಟ್ಟಿತು. 1961ರ ಫಾಯೆಮಾ ಇ-61 ಯಂತ್ರ ಸನ್ನೆಕೋಲಿನ ಜಾಗದಲ್ಲಿ ವಿದ್ಯುತ್ ಪಂಪನ್ನು ತಂದಿತು.

ಒತ್ತಡ ಹೆಚ್ಚಿದೊಡನೆ ಬೀಸುವ ಯಂತ್ರದ ಮೇಲಿನ ಹೊಣೆಯೂ ಹೆಚ್ಚಿತು. ಮನೆಯ ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಹನಿಹನಿಯಾಗಿ ಇಳಿಯುತ್ತದೆ. ಪುಡಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಡಿಕಾಕ್ಷನ್ ಕ್ಷಮಿಸುತ್ತದೆ. ಎಸ್ಪ್ರೆಸೊದಲ್ಲಿ ಹದಿನೆಂಟು ಗ್ರಾಂ ಪುಡಿಯಿಂದ ಸುಮಾರು ಮೂವತ್ತಾರು ಗ್ರಾಂ ಕಾಫಿ ಇಪ್ಪತ್ತೈದು ಮೂವತ್ತು ಸೆಕೆಂಡುಗಳಲ್ಲಿ ಇಳಿಯಬೇಕು. ಪುಡಿ ತುಸು ದಪ್ಪವಾದರೆ ಹತ್ತೇ ಸೆಕೆಂಡಿಗೆ ಹುಳಿನೀರು ಸುರಿಯುತ್ತದೆ. ತುಸು ನುಣ್ಣಗಾದರೆ ಯಂತ್ರ ಮುಕ್ಕಿರಿದು ನಾಲ್ಕು ಹನಿ ಕಹಿ ಉಗುಳುತ್ತದೆ. ಪುಡಿಯಲ್ಲಿ ಏರುಪೇರಿದ್ದರೆ ನೀರು ಸಡಿಲ ಜಾಗ ಹುಡುಕಿ ಅಲ್ಲೇ ತೂತು ಕೊರೆಯುತ್ತದೆ. ಕೆರೆಯ ಏರಿಯಲ್ಲಿ ಎಲ್ಲಿ ಮಣ್ಣು ಸಡಿಲವೋ ಅಲ್ಲೇ ನೀರು ಹಾಯುವುದಿಲ್ಲವೆ? ಇದೂ ಹಾಗೆಯೇ.

ಆದ್ದರಿಂದಲೇ ಎಸ್ಪ್ರೆಸೊ ಯಂತ್ರದ ಬೆನ್ನಿಗೇ ಅದಕ್ಕೆಂದೇ ಮಾಡಿದ ಬೀಸುಯಂತ್ರಗಳೂ ಬೆಳೆದವು. ಹ್ಯಾಂಬರ್ಗಿನ ಮಾಲ್‌ಕೋನಿಗ್ 1924ರಿಂದ, ವೆನಿಸ್ ಕಡೆಯ ಮಾಝೆರ್ 1948ರಿಂದ ಇದೇ ಕಸುಬಿನಲ್ಲಿವೆ. ಮಾಝೆರ್ ಸೂಪರ್ ಜಾಲಿಯ 64 ಮಿಲಿಮೀಟರ್ ವ್ಯಾಸದ ಚಪ್ಪಟೆ ಬಿಲ್ಲೆಗಳು ಎಷ್ಟು ಹಬ್ಬಿದವೆಂದರೆ, ಇಂದಿನ ಹಲವು ಮನೆ ಯಂತ್ರಗಳೂ ಅದೇ ಅಳತೆಯನ್ನು ಅನುಸರಿಸುತ್ತವೆ. ಒಂದು ಕಂಪನಿಯ ಬಿಲ್ಲೆಯನ್ನು ಇನ್ನೊಂದು ಕಂಪನಿಯ ಯಂತ್ರಕ್ಕೆ ಕೂರಿಸುವ ಇಂದಿನ ಪರಿಪಾಠಕ್ಕೆ ಇದೂ ಒಂದು ಕಾರಣ.

ಭಾರತದಲ್ಲಿ ಇದಕ್ಕೆ ದಾರಿ ತೆರೆದದ್ದು 1990ರ ದಶಕ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಕುಸಿಯಿತು. 1992ರಿಂದ ಪೂಲ್ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರನಿಗೆ ತನ್ನ ಕಾಫಿಯನ್ನು ತಾನೇ ಮಾರುವ ಪೂರ್ಣ ಸ್ವಾತಂತ್ರ್ಯ ಬಂತು. ಅದೇ ವರ್ಷ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಚಿಕ್ಕಮಗಳೂರಿನ ಕಾಫಿ ಮನೆತನದ ವಿ.ಜಿ. ಸಿದ್ಧಾರ್ಥ ಅವರು ಮೊದಲ ಕೆಫೆ ಕಾಫಿ ಡೇ ತೆರೆದರು. ಇಟಲಿಯ ಪದ್ಧತಿಯ ಎಸ್ಪ್ರೆಸೊ ಹೊಸ ಪೀಳಿಗೆಗೆ ಪರಿಚಯವಾಯಿತು. ತೋಟದ ಹೆಸರು, ತಳಿಯ ಹೆಸರು, ಹುರಿದ ದಿನಾಂಕ ನಮೂದಾದ ಪೊಟ್ಟಣಗಳು ಆ ಮೇಲಿನ ವರ್ಷಗಳಲ್ಲಿ ಬಂದವು. ಪೂಲ್‌ನಲ್ಲಿ ಕಳೆದುಹೋಗಿದ್ದ ಗುರುತು ಹೀಗೆ ಮರಳಿತು. ಆದರೆ ಆ ಗುರುತು ಲೋಟದ ತನಕ ಉಳಿಯಬೇಕಾದರೆ ಬೀಜ ಬೀಜವಾಗಿಯೇ ಮನೆಗೆ ಬರಬೇಕು, ಮನೆಯಲ್ಲೇ ಬೀಸಬೇಕು.

ಹರಿಹರದ ಲೇತ್

ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ ತುಂಗಭದ್ರೆಯ ದಂಡೆಯ ಹೊಯ್ಸಳ ದೇವಾಲಯ ಪ್ರಸಿದ್ಧ. ಕೈಗಾರಿಕಾ ಚರಿತ್ರೆ ಬಲ್ಲವರಿಗೆ ಆ ಊರು ಇನ್ನೊಂದು ಕಾರಣಕ್ಕೆ ನೆನಪು. 1941ರಲ್ಲಿ ಅಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಯಿತು. ಅದರ ಸುತ್ತ ಬೆಳೆದ ನೆಲೆಗೆ ಯಂತ್ರಪುರ ಎಂದೇ ಹೆಸರಾಯಿತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಆರಂಭಿಸಿ, ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮಾಡಿದ ಲಕ್ಷ್ಮಣರಾವ್ ಕಿರ್ಲೋಸ್ಕರರ ಮನೆತನದ ಉದ್ಯಮ ಅದು. ಬೆಂಗಳೂರಿನಲ್ಲಿ ಎಚ್.ಎಂ.ಟಿ. ಹುಟ್ಟಿದ್ದು 1953ರಲ್ಲಿ, ಅದಕ್ಕೂ ಹನ್ನೆರಡು ವರ್ಷ ಮೊದಲೇ ಹರಿಹರದಲ್ಲಿ ಲೇತ್‌ಗಳ ತಯಾರಿಕೆಗೆ ಅಡಿಪಾಯ ಬಿದ್ದಿತ್ತು. ದೇಶದ ಎಷ್ಟೋ ತಾಂತ್ರಿಕ ಶಾಲೆಗಳಲ್ಲಿ ವಿದ್ಯಾರ್ಥಿಗಳು ಕಬ್ಬಿಣ ಕಡೆಯುವುದನ್ನು ಕಲಿತದ್ದು ಹರಿಹರದ ಲೇತ್‌ಗಳ ಮೇಲೆ.

ಕಾಫಿಗೂ ಲೇತ್‌ಗೂ ಏನು ಸಂಬಂಧ? ಬಹಳ ಹತ್ತಿರದ ಸಂಬಂಧ. ಲೇತ್‌ನ ಒಳ್ಳೆಯತನವನ್ನು ಅಳೆಯುವುದು ಅದರ ತಿರುಗುವ ದಂಡ ಎಷ್ಟು ನೆಟ್ಟಗೆ ತಿರುಗುತ್ತದೆ ಎಂಬುದರಿಂದ. ಡಯಲ್ ಗೇಜಿನ ಮುಳ್ಳನ್ನು ತಾಗಿಸಿ, ಕೈಯಿಂದ ತಿರುಗಿಸಿ, ಓಲಾಟ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದೊಳಗೆ ಇದೆಯೇ ಎಂದು ನೋಡುತ್ತಾರೆ. ಕಾಫಿ ಬೀಸುವ ಬಿಲ್ಲೆಗೆ ಬೇಕಾದುದೂ ಇದೇ ಗುಣ. ಎಸ್ಪ್ರೆಸೊಗೆ ಬೀಸುವಾಗ ಎರಡು ಬಿಲ್ಲೆಗಳ ಅಂಚಿನ ನಡುವಿನ ಅಂತರ ಮಿಲಿಮೀಟರಿನ ಹತ್ತರಲ್ಲಿ ಕೆಲವೇ ಭಾಗ. ಕೂದಲೆಳೆಯಷ್ಟು ಓರೆಯಾದರೂ ಒಂದು ಪಕ್ಕದಲ್ಲಿ ಬಿಲ್ಲೆಗಳು ಒರೆಸಿಕೊಳ್ಳುವಷ್ಟು ಹತ್ತಿರ, ಎದುರು ಪಕ್ಕದಲ್ಲಿ ಬೇಕಾದುದಕ್ಕಿಂತ ದೂರ. ಅಂಥ ಯಂತ್ರಕ್ಕೆ ಎಷ್ಟು ದುಬಾರಿ ಬಿಲ್ಲೆ ಹಾಕಿದರೂ ಫಲ ಅಷ್ಟಕ್ಕಷ್ಟೇ.

ಹರಿಹರದ ಆ ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲಿ ನಿಂತುಹೋಯಿತು. ‘ಕರ್ನಾಟಕದ ಮ್ಯಾಂಚೆಸ್ಟರ್’ ಎನ್ನಿಸಿಕೊಂಡ ದಾವಣಗೆರೆಯ ಹತ್ತಿಗಿರಣಿಗಳ ಕಾಲವೂ ಮುಗಿಯಿತು. ಆದರೆ ಇಂಥ ಕಾರ್ಖಾನೆಗಳು ತಯಾರಿಸಿದ್ದು ಯಂತ್ರಗಳನ್ನಷ್ಟೇ ಅಲ್ಲ. ನೂರರಲ್ಲೊಂದು ಮಿಲಿಮೀಟರನ್ನು ಕೈಯಿಂದ ಗುರುತಿಸುವ ಟರ್ನರ್, ಫಿಟ್ಟರ್‌ಗಳನ್ನೂ ತಯಾರಿಸಿದವು. ದಾವಣಗೆರೆಯ ಬಿ.ಡಿ.ಟಿ. ಎಂಜಿನಿಯರಿಂಗ್ ಕಾಲೇಜು 1951ರಿಂದ ಯಂತ್ರವಿದ್ಯೆ ಕಲಿಸುತ್ತ ಬಂದಿದೆ. ಬಿಲ್ಲೆಯ ಓಲಾಟ ತೆಗೆಯುವ ಕೆಲಸಕ್ಕೆ ಬೇಕಾದ ಡಯಲ್ ಗೇಜು, ಅದನ್ನು ಓದಬಲ್ಲ ಕಣ್ಣು ಈ ಸೀಮೆಯಲ್ಲಿ ಅಪರೂಪವಲ್ಲ.

ಕೊಳ್ಳುವ ಮುನ್ನ

ಈ ಹಿನ್ನೆಲೆಯಲ್ಲಿ ನೋಡಿದರೆ ಕೊಳ್ಳುವ ವಿಚಾರ ಸರಳವಾಗುತ್ತದೆ. ಮೊದಲ ಪ್ರಶ್ನೆ: ಮನೆಯಲ್ಲಿ ಕುಡಿಯುವುದು ಏನು? ಹಾಲು ಬೆರೆಸಿದ ಫಿಲ್ಟರ್ ಕಾಫಿಯೇ ಆದರೆ ಹೊಸ ಬಿಲ್ಲೆಯ ಸೂಕ್ಷ್ಮ ರುಚಿಭೇದ ಹಾಲಿನಲ್ಲಿ ಬಹುಮಟ್ಟಿಗೆ ಮುಳುಗುತ್ತದೆ. ಹದ ಕೂರಿಸಬಲ್ಲ ಒಳ್ಳೆಯ ಕೈಯಂತ್ರವೊಂದು ಸಾಕು. ಎಸ್ಪ್ರೆಸೊ ಯಂತ್ರ ಮನೆಯಲ್ಲಿದ್ದು, ಹಾಲಿಲ್ಲದೆ ಕುಡಿಯುವ ಅಭ್ಯಾಸವಿದ್ದರೆ ಮಾತ್ರ ಬಿಲ್ಲೆ ಬದಲಿಸುವ ಮಾತಿಗೆ ಅರ್ಥ ಬರುತ್ತದೆ.

ಬಿಲ್ಲೆಗಳಲ್ಲಿ ಎರಡು ಮುಖ್ಯ ಜಾತಿ. ಒಂದು ಚಪ್ಪಟೆ, ಬೀಸುಕಲ್ಲಿನ ಹಾಗೆ ಎರಡು ಉಂಗುರಗಳು ಎದುರುಬದುರು. ಇನ್ನೊಂದು ಶಂಕುವಿನಾಕಾರದ್ದು, ಹಲ್ಲಿರುವ ಉಂಗುರದೊಳಗೆ ತಿರುಗುವ ಹಲ್ಲಿನ ಗೋಪುರ. ಶಂಕುವಿನಲ್ಲಿ ಸಾಮಾನ್ಯವಾಗಿ ನುಣ್ಣನೆಯ ಧೂಳು ಹೆಚ್ಚು ಹುಟ್ಟುವುದರಿಂದ ಕಾಫಿ ಮಂದವಾಗಿ, ತುಂಬಿಕೊಂಡಂತೆ ಇರುತ್ತದೆ. ಒಂದೇ ಸಮನಾಗಿ ಬೀಸಲೆಂದು ಹಲ್ಲು ಕಡೆದ ಚಪ್ಪಟೆ ಬಿಲ್ಲೆಗಳಲ್ಲಿ ತೋಟದ, ತಳಿಯ ಗುಣ ಬಿಡಿಬಿಡಿಯಾಗಿ ತಿಳಿಯುತ್ತದೆ. ಯಾವುದು ಮೇಲು ಎಂಬುದು ನಾಲಗೆಯ ಪ್ರಶ್ನೆ. ಹಲ್ಲುಗಳಿಗೆ ಹೊಂಬಣ್ಣದ ಟೈಟೇನಿಯಂ ಲೇಪನವಿದ್ದರೆ ಬಾಳಿಕೆ ಹೆಚ್ಚು. ರುಚಿಯನ್ನು ನಿರ್ಧರಿಸುವುದು ಹಲ್ಲಿನ ಆಕಾರ, ಲೇಪನದ ಬಣ್ಣವಲ್ಲ.

ಹೊಸ ಬಿಲ್ಲೆಯ ಜೋಡಿಗೇ ಹಲವು ಸಾವಿರ ರೂಪಾಯಿ ಬೀಳುತ್ತದೆ. ಅದಕ್ಕೆ ಮೊದಲು ಯಂತ್ರದ ಹಳೆಯ ಬಿಲ್ಲೆಯನ್ನೇ ನೆಟ್ಟಗೆ ಕೂರಿಸಿ ನೋಡುವುದು ವಿವೇಕ. ಅನೇಕ ವೇಳೆ ಕೊರತೆ ಇರುವುದು ಬಿಲ್ಲೆಯಲ್ಲಲ್ಲ, ಕೂರುವಿಕೆಯಲ್ಲಿ.

ಕೂರಿಸುವ ಬಗೆ

ಪ್ಲಗ್ ಕಿತ್ತಿಟ್ಟೇ ಕೆಲಸ ಆರಂಭಿಸಬೇಕು. ಮೇಲಿನ ಬಿಲ್ಲೆಯನ್ನು ಬಿಚ್ಚಿ, ಎರಡೂ ಬಿಲ್ಲೆಗಳ ಹಿಂಬದಿಯನ್ನೂ ಅವು ಕೂರುವ ಪೀಠವನ್ನೂ ಬ್ರಷ್‌ನಿಂದ ಚೊಕ್ಕಟ ಮಾಡಬೇಕು. ಕೆಳಗೆ ಸಿಕ್ಕ ಒಂದು ಕಾಫಿ ಕಣವೂ ಬಿಲ್ಲೆಯನ್ನು ಓರೆ ಮಾಡುತ್ತದೆ. ಯಂತ್ರ ತಿರುಗುವ ದಿಕ್ಕಿಗೇ ಹೊಸ ಬಿಲ್ಲೆಯ ಹಲ್ಲುಗಳೂ ಕಡೆದಿವೆಯೇ ಎಂದು ನೋಡಿಕೊಳ್ಳಬೇಕು. ಸ್ಕ್ರೂಗಳಲ್ಲಿ ಒಂದನ್ನೇ ಪೂರ್ತಿ ಬಿಗಿಯಬಾರದು. ಎಲ್ಲವನ್ನೂ ಸರದಿಯ ಮೇಲೆ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಕಾರಿನ ಚಕ್ರ ಹಾಕುವವರಿಗೆ ಇದು ಗೊತ್ತಿರುವ ನಿಯಮ.

ಬಳಿಕ ಓರೆ ಪರೀಕ್ಷೆ. ಬಿಲ್ಲೆಯ ಹೊರ ಅಂಚಿಗೆ ಮಾರ್ಕರ್ ಪೆನ್ನಿನಿಂದ ಶಾಯಿ ಬಳಿದು, ಮುಚ್ಚಿ, ಎರಡೂ ಸೋಕುವವರೆಗೆ ಹತ್ತಿರ ತಂದು, ಕೈಯಿಂದ ತಿರುಗಿಸಿ ಬಿಚ್ಚಿ ನೋಡಬೇಕು. ಶಾಯಿ ಸುತ್ತಲೂ ಒಂದೇ ಸಮನೆ ಅಳಿಸಿದ್ದರೆ ಬಿಲ್ಲೆ ನೆಟ್ಟಗಿದೆ. ಒಂದೇ ಪಕ್ಕದಲ್ಲಿ ಅಳಿಸಿದ್ದರೆ ಆ ಪಕ್ಕ ಎತ್ತರವಾಗಿದೆ ಎಂದರ್ಥ. ಅದರ ಎದುರು ಪಕ್ಕದ ಬಿಲ್ಲೆಯ ಅಡಿಗೆ ತೆಳುವಾದ ಅಲ್ಯುಮಿನಿಯಂ ಹಾಳೆಯ ಚೂರು ಕೊಟ್ಟು ಸರಿಪಡಿಸಬೇಕು. ಎರಡು ಮೂರು ಸಲ ಬಿಚ್ಚಿ ಹಾಕುವುದು ಅನಿವಾರ್ಯ. ಅವಸರದವರಿಗೆ ಇದು ಹೇಳಿಸಿದ ಕೆಲಸವಲ್ಲ.

ಬಿಲ್ಲೆಗಳು ಆಗಷ್ಟೇ ಸೋಕುವ ಜಾಗವೇ ಸೊನ್ನೆ. ಅದನ್ನು ಗುರುತು ಹಾಕಿಕೊಂಡರೆ ಮುಂದಿನ ಲೆಕ್ಕವೆಲ್ಲ ಅಲ್ಲಿಂದ. ಹೊಸ ಹಲ್ಲುಗಳು ಪಳಗುವ ತನಕ, ಅಂದರೆ ಕೆಲವು ಕಿಲೋ ಬೀಜ ಬೀಸುವ ತನಕ, ಹದ ದಿನದಿಂದ ದಿನಕ್ಕೆ ಸರಿದಾಡುತ್ತದೆ. ದುಬಾರಿ ಬೀಜವನ್ನು ಆ ಮೇಲೆ ತರುವುದು ಲೇಸು. ಹದ ಹುಡುಕುವಾಗ ಪುಡಿಯ ತೂಕವನ್ನೂ ಇಳಿದ ಕಾಫಿಯ ತೂಕವನ್ನೂ ಬದಲಿಸದೆ ಬೀಸುವ ಅಂತರವನ್ನು ಮಾತ್ರ ಬದಲಿಸಬೇಕು. ಬೇಗ ಇಳಿದರೆ ಬಿಗಿ, ತಡವಾದರೆ ಸಡಿಲ. ಬಿಗಿ ಮಾಡುವಾಗ ಮೋಟಾರು ತಿರುಗುತ್ತಿರಬೇಕು. ನಿಂತ ಯಂತ್ರವನ್ನು ಬಿಗಿದರೆ ನಡುವೆ ಸಿಕ್ಕ ಕಾಳು ಹಲ್ಲಿನ ಮೇಲೆ ಭಾರ ಹಾಕುತ್ತದೆ. ಪ್ರತಿ ಬದಲಾವಣೆಯ ಬಳಿಕ ಒಳಗುಳಿದ ಹಳೆಯ ಪುಡಿ ಹೊರಬರಲು ನಾಲ್ಕಾರು ಕಾಳು ಬೀಸಿ ಚೆಲ್ಲಬೇಕು.

ತೀರ ನುಣ್ಣಗೆ ಬೀಸಿದರೆ ಸಾರ ಹೆಚ್ಚು ಸಿಗುತ್ತದೆಂಬ ನಂಬಿಕೆ ಪೂರ್ತಿ ನಿಜವಲ್ಲ. ಒಂದು ಮಿತಿ ದಾಟಿದ ಮೇಲೆ ಪುಡಿ ಅಲ್ಲಲ್ಲಿ ಮುಚ್ಚಿಕೊಂಡು ನೀರು ಸಮನಾಗಿ ಹಾಯದೆ ಸಾರ ಕಡಿಮೆಯೇ ಆಗುತ್ತದೆಂದು ಅಮೆರಿಕದ ಓರೆಗಾನ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಹೆಂಡನ್ ಮತ್ತು ಸಂಗಡಿಗರು 2020ರಲ್ಲಿ ತೋರಿಸಿದರು. ಬೀಸುವಾಗ ಹುಟ್ಟುವ ಸ್ಥಾಯಿ ವಿದ್ಯುತ್ತಿನಿಂದ ಪುಡಿ ಗಂಟುಕಟ್ಟುವುದನ್ನೂ, ಬೀಸುವ ಮುಂಚೆ ಬೀಜಕ್ಕೆ ಒಂದಿಷ್ಟು ನೀರು ಚಿಮುಕಿಸಿದರೆ ಅದು ತಗ್ಗುವುದನ್ನೂ 2023ರಲ್ಲಿ ಅವರೇ ವಿವರಿಸಿದರು. ಗಾಳಿ ಒಣಗಿರುವ ಬಯಲುಸೀಮೆಯ ಬೇಸಿಗೆಯಲ್ಲಿ ಪುಡಿ ಯಂತ್ರದ ಬಾಯಿಗೆಲ್ಲ ಅಂಟಿಕೊಳ್ಳುವುದನ್ನು ಕಂಡವರಿಗೆ ಈ ಉಪಾಯ ಉಪಯೋಗಕ್ಕೆ ಬರುತ್ತದೆ.

ಇನ್ನೆರಡು ಎಚ್ಚರಿಕೆ. ಕಣದಲ್ಲಿ ಒಣಗಿಸಿದ ಕಾಫಿಯೊಡನೆ ಸಣ್ಣ ಕಲ್ಲು ಬರುವುದುಂಟು. ಒಂದೇ ಒಂದು ಹರಳು ಹೊಸ ಬಿಲ್ಲೆಯ ಹಲ್ಲು ಮುರಿಯಬಲ್ಲದು. ಅಕ್ಕಿ ಆರಿಸುವ ಹಳೆಯ ಅಭ್ಯಾಸ ಇಲ್ಲಿಯೂ ಒಳ್ಳೆಯದು. ತೇವ ಹೀರಿ ಅಂಟಾಗುವ ಚಿಕೋರಿಯನ್ನಂತೂ ಈ ಯಂತ್ರಕ್ಕೆ ಹಾಕಲೇಬಾರದು.

ಉಳಿಯುವ ಪ್ರಶ್ನೆ

ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70ರಷ್ಟು ಬೆಳೆಯುವುದು ಕರ್ನಾಟಕ. ದಾವಣಗೆರೆಯಿಂದ ಕೆಲವೇ ಗಂಟೆಗಳ ಹಾದಿಯಲ್ಲಿ ತೋಟಗಳಿವೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಪಕ್ಕದ ಹರಿಹರದಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಲೇತ್ ತಯಾರಾಯಿತು. ಇಷ್ಟಾಗಿಯೂ ಆ ಬೀಜವನ್ನು ಬೀಸಲು ಬೇಕಾದ ಅಂಗೈಯಗಲದ ಉಕ್ಕಿನ ಉಂಗುರ ಕಡಲು ದಾಟಿ ಬರಬೇಕಾಗಿದೆ. ಬೀಜ ಬೆಳೆಯುವುದು ಒಂದು ಊರು, ಬೀಸುವ ಹಲ್ಲು ಮಾಡುವುದು ಇನ್ನೊಂದು ಊರು, ಲಾಭದ ಹೆಚ್ಚಿನ ಪಾಲು ಸೇರುವುದು ಎರಡನೆಯದಕ್ಕೆ. ಈ ಹಳೆಯ ಲೆಕ್ಕ ಕಾಫಿಯಲ್ಲಿ ಇನ್ನೂ ಚುಕ್ತಾ ಆಗಿಲ್ಲ.

ಮನೆಯ ಮಟ್ಟಿಗೆ ಮಾತ್ರ ಒಂದು ಬದಲಾವಣೆ ಆಗಿದೆ. ಗಿರಣಿಗೂ ಅಂಗಡಿಗೂ ಪೊಟ್ಟಣಕ್ಕೂ ಬಿಟ್ಟುಕೊಟ್ಟಿದ್ದ ಹದದ ತಿಳಿವಳಿಕೆ ಅಡುಗೆಮನೆಗೆ ವಾಪಸಾಗಿದೆ. ಯಾವ ತೋಟದ ಬೀಜ, ಎಂದು ಹುರಿದದ್ದು, ಎಷ್ಟು ನುಣ್ಣಗೆ ಬೀಸಬೇಕು ಎಂಬುದನ್ನು ಕುಡಿಯುವವರೇ ತೀರ್ಮಾನಿಸುತ್ತಿದ್ದಾರೆ. ಇದಕ್ಕೆ ದುಬಾರಿ ಯಂತ್ರವೇ ಆಗಬೇಕೆಂದಿಲ್ಲ. ಅಟ್ಟದ ಮೇಲಿನ ಹಳೆಯ ಕೈಯಂತ್ರವನ್ನು ಇಳಿಸಿ, ಬಿಚ್ಚಿ, ತೊಳೆದು ಒಣಗಿಸಿ, ಪಕ್ಕದ ತಿರುಪನ್ನು ಅರ್ಧ ಸುತ್ತು ಬಿಗಿದು ನೋಡಿದರೂ ಪಾಠ ಅದೇ.